ಸತ್ತವನ ಹೆಸರೇನು ಅಂತ ಕೇಳಿದರು ಅಜ್ಜಿ

ಕಳೆದ ಶನಿವಾರ ನಮ್ಮ ಓದುಗರ ಕೂಟ ಸೇರಿತ್ತು. ಮೂರು ಗಂಟೆಗೆ ಶುರುವಾಗಿ ಐದಕ್ಕೆ ಮುಗಿಯಬೇಕಾದದ್ದು, ಎದ್ದು ಚಪ್ಪಲಿ ಹಾಕಿಕೊಳ್ಳುವಾಗ ಏಳು ಗಂಟೆ. ಇಷ್ಟು ಹೊತ್ತು ನಾವು ಯಾವ ಪುಸ್ತಕಕ್ಕೂ ಕೂತಿಲ್ಲ. ಇಷ್ಟು ಗಟ್ಟಿಯಾಗಿ ಮಾತಾಡಿದ್ದೂ ಇಲ್ಲ. ಮಡಿಕೇರಿಯ ಜುಲೈ ಮಳೆ ಗೊತ್ತಲ್ವಾ, ಶೀಟಿನ ಮಾಡಿನ ಮೇಲೆ ಹೊಯ್ಯೋಕೆ ಶುರುವಾದರೆ ಪಕ್ಕದಲ್ಲಿ ಕೂತವರ ಮಾತೂ ಕೇಳಲ್ಲ, ಅದಕ್ಕೂ ಸ್ವಲ್ಪ ಜೋರು ಮಾಡಬೇಕಾಯಿತು. ಆದರೆ ಅದೊಂದೇ ಕಾರಣ ಅಲ್ಲ.

ಹನ್ನೊಂದು ಜನರಲ್ಲಿ ಒಂಬತ್ತು ಜನ ಬಂದಿದ್ದರು. ಭಾಗಮಂಡಲದ ಕಡೆ ಹೊಳೆ ಏರಿತ್ತು, ನಾಪೋಕ್ಲು ಕಡೆಯ ಇಬ್ಬರಿಗೆ ಬರೋಕೆ ಆಗಲಿಲ್ಲ. ಗದ್ದಿಗೆ ಹತ್ತಿರದ ಆಂಟಿ ಮನೆಯಲ್ಲಿ ಸೇರಿದ್ದೆವು. ಕರೆಂಟ್ ಬೆಳಗ್ಗೆಯಿಂದಲೇ ಇರಲಿಲ್ಲ. ಮಧ್ಯದಲ್ಲಿ ಒಂದು ಎಮರ್ಜೆನ್ಸಿ ಲ್ಯಾಂಪ್, ಎಲ್ಲರ ಕೈಯಲ್ಲೂ ಬೆಲ್ಲದ ಕಾಫಿ, ಬಾಗಿಲ ಹತ್ತಿರ ಒಂಬತ್ತು ಕೊಡೆಗಳಿಂದ ನೀರು ಇಳಿದು ಒಂದು ಸಣ್ಣ ತೋಡೇ ಆಗಿತ್ತು.

ಪುಸ್ತಕ ಯಾವುದು ಅಂದರೆ ಕೀಗೊ ಹಿಗಾಶಿನೊ ಬರೆದ 'ದಿ ಡಿವೋಷನ್ ಆಫ್ ಸಸ್ಪೆಕ್ಟ್ ಎಕ್ಸ್'. ಜಪಾನಿನಲ್ಲಿ 2005ರಲ್ಲಿ ಬಂದದ್ದು, ಅಲ್ಲಿನ ದೊಡ್ಡ ಪ್ರಶಸ್ತಿ ನವೋಕಿ ಇದಕ್ಕೆ ಸಿಕ್ಕಿದೆ. 2011ರಲ್ಲಿ ಇಂಗ್ಲಿಷಿಗೆ ಬಂತು. ನಾವು ಓದಿದ್ದು ಇಂಗ್ಲಿಷಿನಲ್ಲಿ, ಎರಡು ಪ್ರತಿ ಕೈಯಿಂದ ಕೈಗೆ ಹೋಗಿ ಬೈಂಡಿಂಗ್ ಬಿಟ್ಟುಕೊಂಡಿದೆ.

ಒಂದು ಮಾತು. ಈ ಕಾದಂಬರಿಯ ಕೊನೆಯ ಗುಟ್ಟನ್ನು ಹೇಳದೆ ನನಗೆ ಬರೆಯೋಕೆ ಆಗಲ್ಲ, ಯಾಕಂದರೆ ನಮ್ಮ ಜಗಳ ಆದದ್ದೇ ಅದರ ಮೇಲೆ. ಓದುವ ಆಸೆ ಇದ್ದವರು ದಯವಿಟ್ಟು ಇಲ್ಲಿಗೆ ನಿಲ್ಲಿಸಿ. ಪುಸ್ತಕ ಮುಗಿಸಿ ಬನ್ನಿ, ನಾನು ಎಲ್ಲೂ ಹೋಗಲ್ಲ.

ಕತೆ ಹೀಗಿದೆ. ಟೋಕಿಯೊದಲ್ಲಿ ಯಾಸುಕೊ ಅಂತ ಒಬ್ಬ ಹೆಂಗಸು, ಅವಳ ಮಗಳು ಮಿಸಾತೊ. ಯಾಸುಕೊ ಊಟದ ಡಬ್ಬಿ ಮಾರುವ ಒಂದು ಸಣ್ಣ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಬಿಟ್ಟುಬಂದ ಗಂಡ ತೊಗಾಶಿ ದುಡ್ಡಿಗೆ ಪೀಡಿಸುತ್ತಾ ಮನೆಗೇ ಬರುತ್ತಾನೆ, ಹೊಡೆದಾಟ ಆಗುತ್ತದೆ, ತಾಯಿ ಮಗಳು ಸೇರಿ ವಯರಿನಿಂದ ಅವನ ಕುತ್ತಿಗೆ ಬಿಗಿದು ಸಾಯಿಸಿಬಿಡುತ್ತಾರೆ. ಇದು ಮೊದಲ ಅಧ್ಯಾಯದಲ್ಲೇ ಆಗಿಹೋಗುತ್ತದೆ. ಪಕ್ಕದ ಮನೆಯಲ್ಲಿ ಇಶಿಗಾಮಿ ಅಂತ ಹೈಸ್ಕೂಲಿನ ಗಣಿತದ ಮೇಷ್ಟ್ರು. ಅವನು ಬಾಗಿಲು ತಟ್ಟಿ, ಉಳಿದದ್ದು ನನಗೆ ಬಿಡಿ ಅನ್ನುತ್ತಾನೆ. ಆಮೇಲೆ ನದಿ ದಂಡೆಯಲ್ಲಿ ಮುಖ ಜಜ್ಜಿದ, ಬೆರಳು ಸುಟ್ಟ ಒಂದು ಹೆಣ ಸಿಗುತ್ತದೆ. ಪೊಲೀಸರು ತಾಯಿ ಮಗಳನ್ನು ಎಷ್ಟು ಕೇಳಿದರೂ ಅವರ ಹೇಳಿಕೆಯಲ್ಲಿ ಒಂದು ಸುಳ್ಳೂ ಸಿಗಲ್ಲ. ಇಶಿಗಾಮಿಯ ಕಾಲೇಜು ಗೆಳೆಯ ಯುಕಾವಾ ಭೌತವಿಜ್ಞಾನಿ, ಅವನೇ ಈ ಗಂಟು ಬಿಡಿಸುವವನು.

ಅಂದರೆ ಕೊಲೆ ಮಾಡಿದ್ದು ಯಾರು ಅಂತ ನಮಗೆ ಮೊದಲೇ ಗೊತ್ತು. ನಮ್ಮ ಕೂಟದ ಹಾರ್ಡ್‌ವೇರ್ ಅಂಗಡಿಯ ಅಂಕಲ್‌ಗೆ ಇದೇ ಸರಿಬರಲಿಲ್ಲ. ಅವರು ಎನ್. ನರಸಿಂಹಯ್ಯನವರ ಕಾದಂಬರಿ ಓದಿ ಬೆಳೆದವರು. ನಾಲ್ಕನೇ ಕ್ಲಾಸಿನವರೆಗೆ ಮಾತ್ರ ಓದಿ ನೂರಾರು ಪತ್ತೇದಾರಿ ಕಾದಂಬರಿ ಬರೆದ ಆ ಮನುಷ್ಯನ ಬಗ್ಗೆ ಅವರಿಗೆ ಇರುವ ಗೌರವ ನೋಡಬೇಕು. ಪತ್ತೇದಾರ ಪುರುಷೋತ್ತಮ ಬಂದ ಅಂದರೆ ಮೈ ಬಿಸಿಯಾಗ್ತಿತ್ತು, ಓಟ, ಹಿಂಬಾಲಿಸೋದು, ವೇಷ ಎಲ್ಲ ಇರ್ತಿತ್ತು, ಇಲ್ಲಿ ಎಲ್ಲರೂ ಕೂತು ಟೀ ಕುಡೀತಾರೆ ಅಂದರು. ಹತ್ತಕ್ಕೆ ನಾಲ್ಕು ಕೊಟ್ಟರು. ಅವರ ಮಾತು ನನಗೆ ತಪ್ಪು ಅನಿಸಲಿಲ್ಲ. ಅವರಿಗೆ ಬೇಕಾದದ್ದು ಇದರಲ್ಲಿ ಇಲ್ಲ, ಅಷ್ಟೇ.

ಕುಶಾಲನಗರದಿಂದ ಬರುವ ಹುಡುಗ, ಮನೆಯಿಂದಲೇ ಸಾಫ್ಟ್‌ವೇರ್ ಕೆಲಸ ಮಾಡ್ತಾನೆ, ಅವನದು ಬೇರೆ ಸಿಟ್ಟು. ಲೇಖಕ ನನಗೆ ಮೋಸ ಮಾಡಿದ ಅಂದ. ಗುಟ್ಟು ಏನಂದರೆ ತೊಗಾಶಿ ಸತ್ತದ್ದು ಮಾರ್ಚ್ 9ರ ರಾತ್ರಿ. ಪೊಲೀಸರು ಕೇಳೋದೆಲ್ಲ 10ರ ಲೆಕ್ಕ. 10ರಂದು ತಾಯಿ ಮಗಳು ನಿಜವಾಗಿಯೂ ಸಿನಿಮಾಕ್ಕೆ ಹೋಗಿದ್ದರು, ಹೊರಗೆ ಊಟ ಮಾಡಿದ್ದರು. ಸುಳ್ಳೇ ಹೇಳದವರ ಹತ್ತಿರ ಸುಳ್ಳು ಹಿಡಿಯೋದು ಹೇಗೆ? ಕೊಲೆಯಾದ ದಿನ ಯಾವ ತಾರೀಕು ಅಂತ ಲೇಖಕ ಎಲ್ಲೂ ಹೇಳಿಲ್ಲ, ನಾವೇ 10 ಅಂದುಕೊಂಡು ಮುನ್ನೂರು ಪುಟ ಓದಿದೆವು, ಇದು ಆಟದ ನಿಯಮ ಮುರಿದ ಹಾಗೆ ಅಂತ ಅವನ ವಾದ. ಆಮೇಲೆ ನನಗೆ ಗೊತ್ತಾಯಿತು, ಈ ಜಗಳ ಜಪಾನಿನಲ್ಲೂ ಆಗಿದೆ. ಎಲ್ಲ ಸುಳಿವನ್ನೂ ಓದುಗನ ಮುಂದೆ ಇಟ್ಟು ಬರೆಯುವ ಪತ್ತೇದಾರಿ ಕತೆಗೆ ಅಲ್ಲಿ ಹೊಂಕಾಕು ಅಂತ ಹೆಸರು. ಈ ಪುಸ್ತಕ ಹೊಂಕಾಕು ಹೌದಾ ಅಲ್ವಾ ಅಂತ ಅಲ್ಲಿನ ಬರಹಗಾರರೂ ವಿಮರ್ಶಕರೂ ಪತ್ರಿಕೆಗಳಲ್ಲಿ ಕಿತ್ತಾಡಿದ್ದಾರೆ, ಅದರ ಮಧ್ಯೆಯೇ ಹೊಂಕಾಕು ಬಹುಮಾನವೂ ಇದಕ್ಕೇ ಬಂತು.

ನಮ್ಮ ನಿವೃತ್ತ ಗಣಿತ ಮೇಷ್ಟ್ರು ಹುಡುಗನ ಮಾತು ಮುಗಿಯೋಕೂ ಬಿಡಲಿಲ್ಲ. ಪಿಯು ಮಕ್ಕಳಿಗೆ ಮೂವತ್ತು ವರ್ಷ ಪಾಠ ಮಾಡಿದವರು. ಹತ್ತಕ್ಕೆ ಹತ್ತು ಅಂದರು. ಪುಸ್ತಕದ ನಡುವೆ ಇಶಿಗಾಮಿ ತಾನು ಪ್ರಶ್ನೆಪತ್ರಿಕೆ ತೆಗೆಯುವ ರೀತಿ ಹೇಳುತ್ತಾನೆ. ನೋಡಿದರೆ ರೇಖಾಗಣಿತದ ಲೆಕ್ಕ ಅನಿಸಬೇಕು, ಆದರೆ ಅದು ಫಂಕ್ಷನ್‌ಗಳ ಲೆಕ್ಕ ಆಗಿರುತ್ತದೆ. ಸೂತ್ರ ಬಾಯಿಪಾಠ ಮಾಡಿದವರು ಅಲ್ಲೇ ಬೀಳುತ್ತಾರೆ. "ಅಯ್ಯಾ, ಅವನು ಉತ್ತರವನ್ನ ನಿನ್ನ ಕೈಗೇ ಕೊಟ್ಟಿದ್ದಾನೆ, ನೀನು ಪುಟ ತಿರುಗಿಸಿ ಮುಂದೆ ಹೋದೆ," ಅಂದರು ಮೇಷ್ಟ್ರು. ನಾಲ್ಕು ಬಣ್ಣದ ಪ್ರಮೇಯದ ಮಾತೂ ಬಂತು. ಯಾವ ನಕ್ಷೆಯನ್ನಾದರೂ ನಾಲ್ಕೇ ಬಣ್ಣದಲ್ಲಿ ತುಂಬಬಹುದು, ಅಕ್ಕಪಕ್ಕದ ಎರಡು ಜಾಗಕ್ಕೆ ಒಂದೇ ಬಣ್ಣ ಬರಲ್ಲ. 1976ರಲ್ಲಿ ಇಬ್ಬರು ಗಣಿತಜ್ಞರು ಕಂಪ್ಯೂಟರ್ ಹಾಕಿ ಅದನ್ನು ಸಾಧಿಸಿದರು, ಇಶಿಗಾಮಿಗೆ ಆ ಸಾಧನೆ ಚೆಂದ ಇಲ್ಲ ಅಂತ ಬೇಜಾರು. ಮೇಷ್ಟ್ರು ತಮ್ಮ ಹಳೇ ಡೈರಿಯ ಹಿಂದಿನ ಪುಟದಲ್ಲಿ ಕೊಡಗಿನ ನಕ್ಷೆ ಬರೆದು, ಸುತ್ತಲಿನ ಜಿಲ್ಲೆ ಗುರುತು ಹಾಕಿ, ಬಣ್ಣದ ಪೆನ್ಸಿಲ್ ಇಲ್ಲದ್ದಕ್ಕೆ ಗೀಟು ಚುಕ್ಕಿ ಹಾಕಿ ತೋರಿಸಿದರು. ಲ್ಯಾಂಪಿನ ಬೆಳಕಲ್ಲಿ ಒಂಬತ್ತು ತಲೆ ಆ ಪುಟದ ಮೇಲೆ ಬಗ್ಗಿದ್ದವು. ಈ ಒಂದು ಗಳಿಗೆಗಾದರೂ ಪುಸ್ತಕ ಆರಿಸಿದ್ದು ಸಾರ್ಥಕ ಅನಿಸಿತು ನನಗೆ.

ಆಮೇಲೆ ಸಿಸ್ಟರ್ ಮಾತಾಡಿದರು. ಆಸ್ಪತ್ರೆಯಲ್ಲಿ ನರ್ಸ್ ಆಗಿರುವವರು, ರಾತ್ರಿ ಪಾಳಿ ಮುಗಿಸಿ ಎರಡು ಗಂಟೆ ಮಲಗಿ ಬಂದಿದ್ದರು. ಇಷ್ಟು ಹೊತ್ತು ಸುಮ್ನೆ ಕೂತಿದ್ದರು.

"ಎಲ್ಲರೂ ತ್ಯಾಗ ತ್ಯಾಗ ಅಂತೀರಲ್ಲ, ಅವಳು ಕೇಳಿದ್ದಳಾ?"

ಇಶಿಗಾಮಿ ಕೊನೆಯಲ್ಲಿ ತಾನೇ ಕೊಲೆಗಾರ ಅಂತ ಒಪ್ಪಿಕೊಂಡು ಪೊಲೀಸರ ಮುಂದೆ ನಿಲ್ಲುತ್ತಾನೆ. ಯಾಸುಕೊ ಮೇಲಿನ ಹುಚ್ಚಿನಿಂದ ಮಾಡಿದೆ ಅಂತ ತನ್ನ ಹೆಸರನ್ನೇ ಕೆಡಿಸಿಕೊಳ್ಳುತ್ತಾನೆ. ಓದುವಾಗ ನನ್ನ ಕಣ್ಣಲ್ಲಿ ನೀರು ಬಂದಿತ್ತು. ಸಿಸ್ಟರ್ ಅಂದರು, ಅವನು ಪಕ್ಕದ ಗೋಡೆಯಾಚೆ ಕೂತು ತಾಯಿ ಮಗಳ ಸದ್ದು ಕೇಳಿಕೊಂಡು ಬದುಕಿದವನು, ಅವಳನ್ನ ನೋಡೋಕೆ ಅಂತಲೇ ದಿನಾ ಡಬ್ಬಿ ಕೊಳ್ಳೋಕೆ ಹೋಗ್ತಿದ್ದವನು, ಇದನ್ನೇ ನಮ್ಮ ಊರಲ್ಲಿ ಒಬ್ಬ ಗಂಡಸು ಮಾಡಿದರೆ ನೀವು ಏನಂತ ಕರೀತೀರಿ? ಅವಳಿಗೆ ತಾನು ಯಾವುದಕ್ಕೆ ಒಪ್ಪಿಕೊಂಡೆ ಅನ್ನೋದೇ ಕೊನೆವರೆಗೆ ಗೊತ್ತಿಲ್ಲ. ಗೊತ್ತಾದ ದಿನ ಅವಳು ಬದುಕೋಕೆ ಆಗದ ಹಾಗೆ ಆಯಿತಲ್ಲ. ಅಷ್ಟು ದೊಡ್ಡ ಋಣ ಹೊತ್ತುಕೊಂಡು ಯಾವ ಹೆಣ್ಣು ನಗ್ತಾಳೆ?

ಮೇಷ್ಟ್ರಿಗೆ ಬೇಸರ ಆಯಿತು. ನೇಣು ಹಾಕಿಕೊಳ್ಳೋಕೆ ಹೊರಟವನನ್ನು ಹೊಸದಾಗಿ ಬಂದ ತಾಯಿ ಮಗಳು ಬಾಗಿಲು ತಟ್ಟಿ ಉಳಿಸಿದರು, ಅವರಿಗೆ ಅದು ಗೊತ್ತೇ ಇಲ್ಲ, ಅಂಥವನ ಪ್ರೀತಿಯನ್ನ ಇಷ್ಟು ಕೆಳಗೆ ಇಳಿಸಬೇಡಿ ತಾಯಿ ಅಂದರು. ಇಬ್ಬರೂ ಬಿಡಲಿಲ್ಲ. ನಾನು ಇಬ್ಬರ ಮುಖವನ್ನೂ ನೋಡ್ತಾ ಇದ್ದೆ, ಯಾರ ಕಡೆ ಸೇರೋದು ಅಂತ ಗೊತ್ತಾಗಲಿಲ್ಲ. ಈಗ ಕೇಳಿದರೆ ಸಿಸ್ಟರ್ ಹೇಳಿದ್ದೇ ಜಾಸ್ತಿ ಸರಿ ಅನಿಸುತ್ತದೆ. ಆದರೆ ಅತ್ತದ್ದೂ ಸುಳ್ಳಲ್ಲ.

ಮನೆಯ ಅಜ್ಜಿ ಮಾತಾಡಿದ್ದು ಆಗ. ಆಂಟಿಯ ಅತ್ತೆ, ಎಂಬತ್ತು ದಾಟಿದೆ. ಅವರಿಗೆ ಇಂಗ್ಲಿಷ್ ಬರಲ್ಲ, ಆದ್ದರಿಂದ ಆಂಟಿ ತಾವು ಓದಿದ ಅಧ್ಯಾಯವನ್ನು ರಾತ್ರಿ ಊಟ ಆದ ಮೇಲೆ ಅಜ್ಜಿಗೆ ಕೊಡವ ತಕ್ಕ್‌ನಲ್ಲಿ, ಅಂದರೆ ಕೊಡವರ ಭಾಷೆಯಲ್ಲಿ, ಕತೆ ಮಾಡಿ ಹೇಳುತ್ತಿದ್ದರು. ಮೂರು ವಾರ ನಡೆದಿದೆ ಇದು. ಅಜ್ಜಿ ಒಲೆಯ ಪಕ್ಕದ ಕುರ್ಚಿಯಲ್ಲಿ ಕಂಬಳಿ ಹೊದ್ದು ನಮ್ಮ ಮಾತನ್ನೆಲ್ಲ ಕೇಳ್ತಾ ಇದ್ದರು. ಅಲ್ಲಿಂದಲೇ ಏನೋ ಕೇಳಿದರು. ಆಂಟಿ ಒಂದು ಕ್ಷಣ ತಡೆದು ನಮಗೆ ಕನ್ನಡದಲ್ಲಿ ಹೇಳಿದರು.

"ಆ ಹೊಳೆ ಬದಿಯಲ್ಲಿ ಸತ್ತವನ ಹೆಸರೇನು ಅಂತ ಕೇಳ್ತಿದ್ದಾರೆ."

ಯಾರೋ ತೊಗಾಶಿ ಅಂದರು. ಅಲ್ಲ, ತೊಗಾಶಿ ಅಲ್ಲ, ಇನ್ನೊಬ್ಬ.

ಹೌದು, ಇನ್ನೊಬ್ಬ. ಇಡೀ ಪುಸ್ತಕದ ಗುಟ್ಟು ಇರುವುದೇ ಅವನಲ್ಲಿ. ನದಿ ದಂಡೆಯಲ್ಲಿ ಸಿಕ್ಕಿದ ಹೆಣ ತೊಗಾಶಿಯದ್ದಲ್ಲ. 10ರ ರಾತ್ರಿ ಒಂದು ಹೆಣ ಬೇಕಾಗಿತ್ತು, ಅದಕ್ಕೆ ಇಶಿಗಾಮಿ ಮನೆಯಿಲ್ಲದ ಒಬ್ಬ ಬಡವನನ್ನು ಕೆಲಸ ಕೊಡ್ತೀನಿ ಅಂತ ಕರೆದು, ತೊಗಾಶಿ ಉಳಿದಿದ್ದ ಕೋಣೆಯಲ್ಲಿ ಕೂರಿಸಿ, ಆಮೇಲೆ ಕೊಂದ. ಕೂದಲು, ಬೆರಳಚ್ಚು ಎಲ್ಲ ಸರಿಹೋಗಬೇಕಲ್ಲ, ಅದಕ್ಕೆ. ನಾವು ಒಂಬತ್ತು ಜನ ಮೂರೂವರೆ ಗಂಟೆ ಮಾತಾಡಿದ್ದೆವು. ಮೋಸ ಅಂದೆವು, ಪ್ರೀತಿ ಅಂದೆವು, ತಾರೀಕು ಅಂದೆವು, ನಕ್ಷೆ ಬರೆದೆವು. ಅವನ ಬಗ್ಗೆ ಒಬ್ಬರೂ ಒಂದು ಮಾತೂ ಆಡಿರಲಿಲ್ಲ. ಅವನು ನಮಗೆ ಲೆಕ್ಕದ ಒಂದು ಹೆಜ್ಜೆ ಆಗಿಬಿಟ್ಟಿದ್ದ, ಇಶಿಗಾಮಿಗೆ ಆದ ಹಾಗೆಯೇ.

ಹೆಸರಿಲ್ಲ ಅಜ್ಜಿ, ಪುಸ್ತಕದಲ್ಲಿ ಹೆಸರೇ ಕೊಟ್ಟಿಲ್ಲ ಅಂದೆ ನಾನು.

ಅವನಿಗೆ ಮೀದಿ ಇಡೋರು ಯಾರು ಹಾಗಾದ್ರೆ ಅಂದರು ಅಜ್ಜಿ. ಕೊಡವರ ಮನೆಗಳಲ್ಲಿ ತೀರಿಹೋದ ಹಿರಿಯರಿಗೆ ಎಡೆ ಇಡುವುದನ್ನ ಮೀದಿ ಇಡೋದು ಅಂತಾರೆ. ಇಲ್ಲಿ ಹೊಸಬರು ಸಿಕ್ಕರೆ ಮೊದಲು ಕೇಳುವುದೇ ಯಾವ ಮನೆಯವರು ಅಂತ. ಮನೆಹೆಸರು ಗೊತ್ತಾದ ಮೇಲೇ ಮಾತು ಮುಂದುವರಿಯುತ್ತದೆ. ಅಂಥ ಊರಿನಲ್ಲಿ ಎಂಬತ್ತು ವರ್ಷ ಬಾಳಿದವರಿಗೆ ಮನೆಯೂ ಇಲ್ಲ ಹೆಸರೂ ಇಲ್ಲ ಅನ್ನೋದು ಎಷ್ಟು ದೊಡ್ಡ ವಿಷಯ ಅಂತ ಅವರ ದನಿಯಲ್ಲೇ ಗೊತ್ತಾಗ್ತಿತ್ತು.

ಆಮೇಲೆ ರೈಟರ್ ಸರ್ ಬಾಯಿ ಬಿಟ್ಟರು. ಅವರು ಪೊಲೀಸ್ ಠಾಣೆಯಲ್ಲಿ ರೈಟರ್ ಆಗಿ ನಿವೃತ್ತಿಯಾದವರು. ಮೊದಲು ಅವರು ಜಪಾನಿನ ಪೊಲೀಸರ ತನಿಖೆ ಬಗ್ಗೆ ಸುಮಾರು ಹೇಳಿದ್ದರು, ಅದು ನನಗೆ ಅಷ್ಟು ತಲೆಗೆ ಹೋಗಿರಲಿಲ್ಲ. ಈಗ ಹೇಳಿದ್ದು ಬೇರೆ. ಗುರುತು ಸಿಗದ ಹೆಣ ಸಿಕ್ಕರೆ ನಮ್ಮಲ್ಲಿ ಯುಡಿಆರ್ ಅಂತ ದಾಖಲು ಮಾಡ್ತಾರೆ, ಅಸಹಜ ಸಾವಿನ ವರದಿ. ಮೊದಲು ಸಿಆರ್‌ಪಿಸಿ ಅನ್ನೋ ಹಳೇ ಕಾನೂನಿನ ಕಲಂ 174ರಲ್ಲಿ, 2024ರ ಜುಲೈನಲ್ಲಿ ಹೊಸ ಕಾನೂನು ಬಂದ ಮೇಲೆ ಅದರ ಕಲಂ 194ರಲ್ಲಿ. ಮಹಜರು ಆಗಬೇಕು, ಫೋಟೋ ಆಗಬೇಕು, ಚಹರೆ ಬರೆಯಬೇಕು. ಆ ಚಹರೆ ಬರೆಯುತ್ತಿದ್ದವರು ಇವರೇ.

ಸುಮಾರು 45 ವರ್ಷ ಪ್ರಾಯದ ಅಪರಿಚಿತ ಗಂಡಸು. ಎತ್ತರ ಐದು ಅಡಿ ನಾಲ್ಕು ಅಂಗುಲ. ಸಾಧಾರಣ ಮೈಕಟ್ಟು, ಎಣ್ಣೆಗೆಂಪು ಮೈಬಣ್ಣ, ಕೋಲು ಮುಖ. ನೀಲಿ ಗೆರೆಯ ತುಂಬು ತೋಳಿನ ಅಂಗಿ. ವಾರಸುದಾರರು ಇದ್ದಲ್ಲಿ ಠಾಣೆಯನ್ನು ಸಂಪರ್ಕಿಸಲು ಕೋರಲಾಗಿದೆ. ಅವರು ಕಣ್ಣು ಮುಚ್ಚಿಕೊಂಡು ಹೇಳಿದರು, ಮಂತ್ರ ಹೇಳಿದ ಹಾಗೆ ತಡೆಯದೆ ಬಂತು. ಸರ್ವಿಸಿನಲ್ಲಿ ಇಂಥವು ಎಷ್ಟು ಬರೆದೆ ಅಂತ ಲೆಕ್ಕ ಇಟ್ಟಿಲ್ಲ, ವಾರಸುದಾರರು ಬಂದದ್ದು ಮಾತ್ರ ಒಂದೊಂದೂ ನೆನಪಿದೆ ಅಂದರು. ಆಮೇಲೆ ಸ್ವಲ್ಪ ಹೊತ್ತು ಮಳೆಯ ಸದ್ದು ಬಿಟ್ಟು ಏನೂ ಇರಲಿಲ್ಲ.

ನನಗೆ ಆ ಮಾತು ಎಲ್ಲರಿಗಿಂತ ಹತ್ತಿರ ಆಯಿತು. ನಾನು ಬಸ್ ಸ್ಟ್ಯಾಂಡ್ ಹತ್ತಿರ ಜೆರಾಕ್ಸ್ ಅಂಗಡಿ ಇಟ್ಟು ಹದಿನಾಲ್ಕು ವರ್ಷ ಆಯಿತು. ಇಂಥ ಪ್ರಕಟಣೆಗಳು ನನ್ನ ಮೆಷಿನಿನ ಮೇಲೆ ಹಾದುಹೋಗಿವೆ, ಇಪ್ಪತ್ತು ಪ್ರತಿ, ಐವತ್ತು ಪ್ರತಿ. ಕಾಣೆಯಾದವರನ್ನ ಹುಡುಕುವ ಮನೆಯವರೂ ಬರುತ್ತಾರೆ. ಕಾಫಿ ಕುಯ್ಲಿಗೆ ಅಂತ ಡಿಸೆಂಬರ್ ಜನವರಿಯಲ್ಲಿ ಅಸ್ಸಾಂ ಕಡೆಯಿಂದ ಬಂದ ಹುಡುಗರು ತಮ್ಮ ಜೊತೆಯವನ ಫೋಟೋ ಮೊಬೈಲಿನಲ್ಲಿ ಹಿಡಿದು ತಂದದ್ದೂ ಇದೆ. ಫೋಟೋ ಇರುವ ಹಾಳೆಯನ್ನು ಮಾಮೂಲಿ ಸೆಟ್ಟಿಂಗಿನಲ್ಲಿ ಹಾಕಿದರೆ ಅಕ್ಷರ ಚೆನ್ನಾಗಿ ಬರುತ್ತದೆ, ಮುಖ ಕಪ್ಪಗೆ ಕಲೆಯಾಗುತ್ತದೆ. ಕಣ್ಣು ಮೂಗು ಯಾವುದೂ ತಿಳಿಯಲ್ಲ. ಫೋಟೋ ಮೋಡಿಗೆ ಹಾಕಿ ಬೆಳಕು ಎರಡು ಗೆರೆ ಜಾಸ್ತಿ ಮಾಡಿದರೆ ಮುಖ ಸಿಗುತ್ತದೆ, ಆದರೆ ನಿಧಾನ. ಎಷ್ಟೋ ಸಲ ಹಿಂದೆ ಕ್ಯೂ ಇದೆ ಅಂತ ಹಾಗೇ ಕಪ್ಪು ಮುಖದಲ್ಲೇ ತೆಗೆದುಕೊಟ್ಟಿದ್ದೇನೆ. ಕಂಬದ ಮೇಲೆ ಅಂಟಿಸಿದ ಆ ಹಾಳೆ ನೋಡಿ ಯಾರು ಯಾರನ್ನ ಗುರುತು ಹಿಡಿಯೋಕೆ ಆಗುತ್ತಿತ್ತು? ಇದನ್ನು ಅವತ್ತು ಅಲ್ಲಿ ಹೇಳಲಿಲ್ಲ. ಹೇಳೋಕೆ ಆಗಲಿಲ್ಲ. ಈಗ ಇಂಥ ಹಾಳೆ ಯಾವುದು ಬಂದರೂ ಫೋಟೋ ಮೋಡಿಗೇ ಹಾಕ್ತೀನಿ, ಕಾಯಬೇಕಾದವರು ಕಾಯಲಿ.

ಮನೆಗೆ ಬಂದು ರಾತ್ರಿ ಮೊದಲ ಅಧ್ಯಾಯ ಮತ್ತೆ ತೆಗೆದೆ. ಇಶಿಗಾಮಿ ಬೆಳಗ್ಗೆ ಸ್ಕೂಲಿಗೆ ಹೊರಟಿದ್ದಾನೆ. ಸುಮಿದಾ ನದಿಯ ಪಕ್ಕದ ದಾರಿ, ನೀಲಿ ಟಾರ್ಪಾಲು ಕಟ್ಟಿದ ಗುಡಿಸಲುಗಳು. ಒಬ್ಬ ಖಾಲಿ ಡಬ್ಬಿಗಳನ್ನ ಜಜ್ಜುತ್ತಾ ಕೂತಿದ್ದಾನೆ. ಸ್ವಲ್ಪ ಮುಂದೆ ಬೆಂಚಿನ ಮೇಲೆ ಇನ್ನೊಬ್ಬ, ಈಚೆಗೆ ಬಂದವನು. ಗಡ್ಡ ಬೋಳಿಸಿಕೊಂಡಿದ್ದಾನೆ, ಮತ್ತೆ ಕೆಲಸ ಸಿಗಬಹುದು ಅನ್ನೋ ಆಸೆ ಇನ್ನೂ ಬಿಟ್ಟಿಲ್ಲವೇನೋ. ಯಾವುದೋ ಕೈಗಾರಿಕೆಯ ಪತ್ರಿಕೆ ಓದ್ತಿದ್ದದ್ದನ್ನು ನೋಡಿ ಇಶಿಗಾಮಿ ಮನಸ್ಸಿನಲ್ಲೇ ಅವನಿಗೆ ಇಂಜಿನಿಯರ್ ಅಂತ ಹೆಸರಿಟ್ಟಿದ್ದಾನೆ. ಇಷ್ಟೇ. ಒಂದೆರಡು ಪುಟ. ನಾನು ಮೊದಲ ಸಲ ಇದನ್ನ ಬರೀ ಊರಿನ ವರ್ಣನೆ ಅಂತ ಓದಿ ದಾಟಿದ್ದೆ. ಕೊಲೆ ಯಾವಾಗ ಬರುತ್ತೆ ಅಂತ ಅವಸರ. ಅವನು ಬೆಂಚಿನ ಮೇಲೆ ಕೂತಿದ್ದ, ನಾನೂ ಇಶಿಗಾಮಿ ಜೊತೆ ನಡೆದು ಮುಂದೆ ಹೋದೆ.

ಲೇಖಕ ಇದನ್ನ ಬೇಕಂತಲೇ ಹೀಗೆ ಇಟ್ಟಿದ್ದಾನೆ ಅಂತ ನನ್ನ ನಂಬಿಕೆ. ಹಿಗಾಶಿನೊ ಬರಹಕ್ಕೆ ಬರುವ ಮೊದಲು ಒಂದು ದೊಡ್ಡ ಕಂಪನಿಯಲ್ಲಿ ಇಂಜಿನಿಯರ್ ಆಗಿದ್ದವರು. 1985ರಲ್ಲಿ ಮೊದಲ ಕಾದಂಬರಿಗೆ ಬಹುಮಾನ ಬಂದ ಮೇಲೆ ಆ ಕೆಲಸ ಬಿಟ್ಟರು. ಬೆಂಚಿನ ಮೇಲಿನವನಿಗೆ ಇಂಜಿನಿಯರ್ ಅಂತ ಹೆಸರು ಕೊಡುವಾಗ ಅವರ ಮನಸ್ಸಿನಲ್ಲಿ ಏನಿತ್ತೋ, ಆದರೆ ಸುಮ್ನೆ ಕೊಟ್ಟದ್ದು ಅಂತ ನನಗೆ ಅನಿಸಲ್ಲ. ಆದರೂ ಒಂದು ದೂರು ಇದೆ. ಕೊನೆಯಲ್ಲಿ ಯುಕಾವಾ ಎಲ್ಲ ಬಿಡಿಸಿ ಹೇಳುವಾಗ, ಯಾಸುಕೊ ಓಡಿ ಬಂದು ತಪ್ಪೊಪ್ಪಿಕೊಳ್ಳುವಾಗ, ಇಶಿಗಾಮಿ ಎದೆ ಬಿರಿದು ಕೂಗುವಾಗ, ಆ ಕೂಗು ಯಾರಿಗಾಗಿ? ಅವಳಿಗಾಗಿ, ತನಗಾಗಿ. ಆ ಸತ್ತವನಿಗಾಗಿ ಅಳುವವರು ಯಾರೂ ಇಲ್ಲ. ಲೇಖಕ ಅವನನ್ನ ಓದುಗನ ಕೈಗೆ ಬಿಟ್ಟಿದ್ದಾರೆ ಅಂತ ಮೇಷ್ಟ್ರು ವಾಟ್ಸಾಪಿನಲ್ಲಿ ಬರೆದರು. ಓದುಗರು ಮರೆತರು, ಅದಕ್ಕೆ ಏನಂತೀರಿ ಅಂತ ಸಿಸ್ಟರ್ ಉತ್ತರ. ಇನ್ನೂ ನಡೀತಿದೆ ಅದು. ಕುಶಾಲನಗರದ ಹುಡುಗ ಮಾತ್ರ ತಾನು ಹತ್ತಕ್ಕೆ ಕೊಟ್ಟಿದ್ದ ಐದನ್ನು ಏಳು ಮಾಡಿದ್ದಾನೆ.

ಮೊನ್ನೆ ಪುಸ್ತಕ ವಾಪಸ್ ಕೊಡೋಕೆ ಆಂಟಿ ಮನೆಗೆ ಹೋಗಿದ್ದೆ. ಆಂಟಿ ಇರಲಿಲ್ಲ, ಅಜ್ಜಿ ಒಬ್ಬರೇ ಇದ್ದರು. ಆ ಹೊಳೆ ಬದಿಯ ಭಾಗ ಒಂದು ಸಲ ಓದು ಮಗ ಅಂದರು. ನನಗೆ ಕೊಡವ ತಕ್ಕ್ ಅಷ್ಟು ಸರಿಯಾಗಿ ಬರಲ್ಲ, ಕನ್ನಡದಲ್ಲೇ ಹೇಳ್ತಾ ಹೋದೆ. ಬೆಂಚು ಬಂದಾಗ ಕೈ ಎತ್ತಿ ನಿಲ್ಲಿಸಿದರು.

"ಏನು ಓದ್ತಿದ್ದ ಅವನು?"

"ಕಾರ್ಖಾನೆ, ಯಂತ್ರ ಅಂಥದ್ದರ ಪತ್ರಿಕೆ ಅಜ್ಜಿ."

"ಕೆಲಸ ಗೊತ್ತಿದ್ದವನು," ಅಂದರು. ಆಮೇಲೆ ಮುಂದೆ ಓದು ಅಂದರು.